ಟವೆಲಿನ ಕೆಳಗಿನ ಐದು ಬೆರಳು

ನಮ್ಮ ಅಂಗಡಿಯ ಒಳಕೋಣೆಯ ಗೋಡೆಗೆ ಒಂದು ಸ್ಮಾರ್ಟ್ ಬೋರ್ಡು ಹಾಕಿಸಿದ್ದೇನೆ. ಗಿರಾಕಿಗಳಿಗೆ ತೋರಿಸಲಿಕ್ಕೆ. ಅದರ ಪಕ್ಕದ ಮೊಳೆಗೆ ಅಪ್ಪನ ಹಳೆಯ ಕೆಂಪು ಚೌಕಳಿಯ ಟವೆಲ್ ನೇತುಬಿದ್ದಿರುತ್ತದೆ. ಬಂದವರು ಅದನ್ನು ಬೋರ್ಡು ಒರೆಸುವ ಬಟ್ಟೆ ಅಂದುಕೊಳ್ಳುತ್ತಾರೆ. ಒರೆಸುವುದೂ ಅದರಲ್ಲೇ, ಅದೇನು ಸುಳ್ಳಲ್ಲ. ಮೊನ್ನೆ ನನ್ನ ಸೊಸೆ, "ಅತ್ತೆ, ಲಕ್ಷಗಟ್ಟಲೆ ಬೋರ್ಡಿನ ಪಕ್ಕ ಇದೊಂದು ಹರಕು ಟವೆಲ್ಲಾ? ನೋಡಿದೋರು ಏನಂದ್ಕೊತಾರೆ, ಬಿಸಾಕ್ಬುಡಿ" ಅಂದಳು. ನಾನು ಟವೆಲನ್ನು ಒಗೆದು, ಒಣಗಿಸಿ, ಮತ್ತೆ ಅದೇ ಮೊಳೆಗೆ ಹಾಕಿದೆ. ಅದರ ಕಥೆ ಕೇಳುವ ಪುರುಸೊತ್ತು ಅವಳಿಗಿಲ್ಲ. ನಿಮಗಿದ್ದರೆ ಹೇಳುತ್ತೇನೆ.

ನಮ್ಮಪ್ಪ ಹುಲಿಕುಂಟೆ ಕಡೆಯವನು. ಕುರಿ, ಮೇಕೆ ವ್ಯಾಪಾರದ ದಳ್ಳಾಳಿ. ಸಂತೆಯಲ್ಲಿ ಕುರಿಯ ಬೆಲೆ ಬಾಯಲ್ಲಿ ಹೇಳುವ ಪದ್ಧತಿ ಆಗ ಇರಲಿಲ್ಲ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು ಕೈ ಚಾಚಬೇಕು, ಮೇಲೊಂದು ಟವೆಲ್ ಹೊದಿಸಬೇಕು. ಅದರ ಕೆಳಗೆ ಬೆರಳುಗಳು ಮಾತಾಡುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಸೇರಿಸಿ ಹಿಡಿದರೆ ಐದು. ನೂರೋ ಸಾವಿರವೋ ಎಂಬುದು ಕುರಿಯ ಮುಖ ನೋಡಿದರೆ ಇಬ್ಬರಿಗೂ ಗೊತ್ತಾಗುತ್ತಿತ್ತು. ಮೇಲೆ ಬಾಯಿಗಳು ಮಳೆಯ ಮಾತೋ ಮದುವೆಯ ಮಾತೋ ಆಡುತ್ತಿರುತ್ತವೆ, ಕೆಳಗೆ ವ್ಯಾಪಾರ ನಡೆಯುತ್ತಿರುತ್ತದೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ.

"ಯಾಕಪ್ಪಾ ಇಂಗೆ ಮುಚ್ಚಿಟ್ಟು ಮಾಡ್ತೀರಾ? ಕಳ್ತನಾನಾ?" ಅಂತ ಒಮ್ಮೆ ಕೇಳಿದ್ದೆ.

"ಕಳ್ತನ ಅಲ್ಲ ಕಣ್ಮಗಾ, ಮರ್ವಾದೆ" ಅಂದಿದ್ದ ಅಪ್ಪ. "ಕಮ್ಮಿಗೆ ಕೇಳಿದೋನ್ಗೂ ನಾಚ್ಕೆ ಆಗ್ಬಾರ್ದು, ಕಮ್ಮಿಗೆ ಒಪ್ಕೊಂಡೋನ್ಗೂ ನಾಚ್ಕೆ ಆಗ್ಬಾರ್ದು. ನಾಕ್ ಜನದ ಮುಂದೆ ನಾಚ್ಕೆ ಆದ್ರೆ ಅವ್ನು ಮುಂದಿನ ಸಂತೇಗೆ ಬರಾಕಿಲ್ಲ."

ಹೆಣ್ಣುಮಕ್ಕಳಿಗೆ ಟವೆಲಿನ ಕೆಳಗೆ ಕೈ ಹಾಕುವ ಹಕ್ಕಿರಲಿಲ್ಲ. ನನ್ನದೇನಿದ್ದರೂ ಮೇಕೆಯ ಹಗ್ಗ ಹಿಡಿಯುವ ಕೆಲಸ. ಆದರೆ ಮನೆಯ ಜಗಲಿಯ ಮೇಲೆ ಅಪ್ಪ ಅಭ್ಯಾಸಕ್ಕೆ ನನ್ನನ್ನೇ ಕೂರಿಸಿಕೊಳ್ಳುತ್ತಿದ್ದ. ಟವೆಲ್ ಹೊದಿಸಿ ನನ್ನ ಬೆರಳು ಹಿಂಡಿ, "ಏಟಾಯ್ತು ಹೇಳಮ್ಮಿ?" ಅನ್ನುತ್ತಿದ್ದ. ಅವನ ಅಂಗೈ ಹಗ್ಗ ಎಳೆದೂ ಎಳೆದೂ ಒರಟಾಗಿತ್ತು, ಬೆರಳುಗಳಲ್ಲಿ ಸದಾ ಉಣ್ಣೆಯ ವಾಸನೆ. ನಾನು ಒಂದು ಸಲವೂ ತಪ್ಪುತ್ತಿರಲಿಲ್ಲ. ಕತ್ತಲಲ್ಲಿ ಕೂಡುವ, ಕಳೆಯುವ ಲೆಕ್ಕ ನನಗೆ ನೀರು ಕುಡಿದಷ್ಟು ಸಲೀಸು.

ಶಾಲೆಯಲ್ಲಿ ಮಾತ್ರ ಕಥೆ ಬೇರೆ. ಲೆಕ್ಕದ ಮೇಷ್ಟ್ರು ಹಲಗೆಯ ಮುಂದೆ ನಿಲ್ಲಿಸಿ ಚಾಕ್‌ಪೀಸು ಕೊಟ್ಟರೆ ಸಾಕು, ಬಾಯಿ ಕಟ್ಟಿಹೋಗುತ್ತಿತ್ತು. ಬೆನ್ನ ಹಿಂದೆ ನಲವತ್ತು ಜೊತೆ ಕಣ್ಣು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಹೋಯಿತು. ಮತ್ತೆರಡು ಸಲ ಕಟ್ಟಿದೆ, ಎರಡು ಸಲವೂ ಹೋಯಿತು. ಇಡೀ ಶಾಲೆಯ ಬದುಕಿನಲ್ಲಿ ಲೆಕ್ಕದ ಮೇಷ್ಟ್ರ ಬಾಯಿಂದ ನಾನು "ಕೂತ್ಕೋ" ಅನ್ನೋ ಮಾತು ಬೇಕಾದಷ್ಟು ಸಲ ಕೇಳಿದ್ದೇನೆ. ಅದಕ್ಕೆ ಮೊದಲು ಬರಬೇಕಾದ "ಸರಿ" ಅನ್ನುವ ಮಾತು ಒಂದು ಸಲವೂ ಕೇಳಲಿಲ್ಲ.

ಮದುವೆಯಾಗಿ ಮಧುಗಿರಿಗೆ ಬಂದೆ. ಶಾಲೆಯ ಎದುರಿಗೇ ಒಂದು ಪುಟ್ಟ ಫ್ಯಾನ್ಸಿ ಸ್ಟೋರ್ ಹಾಕಿದೆ. ರಿಬ್ಬನ್ನು, ಬಳೆ, ಹಣೆಗಿಡುವ ಸ್ಟಿಕ್ಕರ್, ಸ್ಲೇಟು, ಬಳಪ. ಆಮೇಲೆ ಜೆರಾಕ್ಸ್ ಮಿಷನ್ ಬಂತು. ಮಿಷನ್ ಬಂದ ಮೇಲೆ ಮೇಷ್ಟ್ರುಗಳು ಬಂದರು. ಅವರ ಹಿಂದೆ ಪ್ರಿಂಟರು, ಪ್ರೊಜೆಕ್ಟರು, ಈಗ ಈ ಗೋಡೆಯಗಲದ ಬೋರ್ಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿಗೆ ಬೋರ್ಡು ಕೊಡುವವಳು ನಾನೇ. ಆದರೂ ಅಂಗಡಿಯ ಮುಂದೆ ಸ್ಟಿಕ್ಕರಿನ ಸ್ಟ್ಯಾಂಡು ಹಾಗೇ ಇದೆ. ಬೋರ್ಡು ಬೇಡ ಅಂದವರು ಒಂದು ಶೀಟು ಸ್ಟಿಕ್ಕರ್ರಾದರೂ ತಗೊಂಡು ಹೋಗಲಿ ಅಂತ.

ಬೋರ್ಡು ಮಾರುವುದು ದೊಡ್ಡದಲ್ಲ ಸ್ವಾಮಿ. ಮಾರಿದ ಮೇಲೆ ಅದರ ಗತಿ ಏನಾಯಿತು ಅಂತ ನೋಡಲು ಗಟ್ಟಿ ಜೀವ ಬೇಕು. ಪಾವಗಡದ ಕಡೆ ಒಂದು ಶಾಲೆಯಲ್ಲಿ ಬೋರ್ಡಿಗೆ ರೇಷ್ಮೆ ಸೀರೆ ಹೊದಿಸಿ, ಕೋಣೆಗೆ ಬೀಗ ಹಾಕಿದ್ದರು. ಯಾಕಮ್ಮಾ ಅಂದರೆ ಅಲ್ಲಿಯ ಟೀಚರು, "ಪಿಲ್ಲಲು ಮುಟ್ಟಿದ್ರೆ ಪಾಡೈಪೋತುಂದಿ ಕದಮ್ಮಾ" ಅಂದರು. ಮಕ್ಕಳು ಮುಟ್ಟಿದರೆ ಕೆಟ್ಟುಹೋಗುತ್ತದಂತೆ! ಮಕ್ಕಳು ಮುಟ್ಟದೆ ಇನ್ಯಾರು ಮುಟ್ಟಬೇಕು? ಕೊರಟಗೆರೆಯ ಒಬ್ಬ ಹಿರಿಯ ಮೇಷ್ಟ್ರು ಬಹಳ ಗಂಭೀರವಾಗಿ, "ಬೇಸಿಗೆ ರಜದಲ್ಲಿ ಇದಕ್ಕೆ ಮಸಿ ಬಳಿಸ್ಬೇಕಾ ಹೆಂಗೆ?" ಅಂತ ಕೇಳಿದರು. ನಗಬೇಡಿ. ಮೂವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ನಿಂತು ಹಲಗೆಗೆ ಮಸಿ ಬಳಿಸಿದ ಮನುಷ್ಯ. ಹಲಗೆಯ ಮೇಲಿನ ಪ್ರೀತಿ ಇನ್ನೆಲ್ಲಿಗೆ ಹೋಗುತ್ತದೆ?

ಕಂಪನಿಯವರು ತರಬೇತಿ ಕೊಡುತ್ತಾರೆ, ಇಲ್ಲವೆಂದಲ್ಲ. ಇಸ್ತ್ರಿ ಶರ್ಟಿನ ಹುಡುಗನೊಬ್ಬ ಕಾರಿನಲ್ಲಿ ಬಂದು, ಒಂದು ಹಾಲಿನಲ್ಲಿ ನಲವತ್ತು ಜನ ಮೇಷ್ಟ್ರುಗಳನ್ನು ಕೂರಿಸಿ, "ತುಂಬಾ ಸಿಂಪಲ್ ಸರ್, ತುಂಬಾ ಸಿಂಪಲ್ ಮೇಡಂ" ಅಂತ ಒಂದು ಗಂಟೆ ಬೆರಳಾಡಿಸಿ ಹೋಗುತ್ತಾನೆ. "ಡೌಟ್ ಇದೆಯಾ?" ಅಂದರೆ ಯಾರೂ ಕೈಯೆತ್ತುವುದಿಲ್ಲ. ಸಿಂಪಲ್ ಎಂದು ಹೇಳಿಬಿಟ್ಟ ಮೇಲೆ ಅರ್ಥವಾಗಲಿಲ್ಲ ಅನ್ನುವ ಧೈರ್ಯ ಯಾರಿಗಿದೆ? ನೀವು ಯಾರಿಗಾದರೂ ಹೊಸದೇನನ್ನಾದರೂ ಕಲಿಸುವವರಾದರೆ ನನ್ನದೊಂದು ಮಾತು ನೆನಪಿಟ್ಟುಕೊಳ್ಳಿ: ಸುಲಭ ಅನ್ನಬೇಡಿ. ಕಷ್ಟ ಐತೆ, ನಂಗೂ ತಿಂಗಳು ಹಿಡೀತು ಅನ್ನಿ. ಆಗ ನೋಡಿ, ಎದುರಿಗಿರುವವರು ಕುರ್ಚಿ ಮುಂದಕ್ಕೆಳೆದು ಕೂರುತ್ತಾರೆ.

ನಸೀಮಾ ಟೀಚರು ಬಂದದ್ದು ಹೀಗೆ ನಾನು ಉಪದೇಶದ ಉತ್ಸಾಹದಲ್ಲಿದ್ದ ಕಾಲದಲ್ಲಿ.

ಶಿರಾ ಊರಿನವರು. ಮಧುಗಿರಿಗೂ ಶಿರಾಕ್ಕೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ನಿವೃತ್ತಿಗೆ ಒಂದು ವರ್ಷ ಬಾಕಿ. ಅವರ ಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ನನ್ನಿಂದಲೇ ಒಂದು ಬೋರ್ಡು ಕೊಡಿಸಿದ್ದರು. ಒಂದು ಭಾನುವಾರ ಬೆಳಿಗ್ಗೆ ಟೀಚರು ಬಸ್ಸಿಳಿದು ಅಂಗಡಿಗೆ ಬಂದರು, ಸ್ಟಿಕ್ಕರಿನ ಸ್ಟ್ಯಾಂಡನ್ನು ಐದು ನಿಮಿಷ ತಿರುಗಿಸಿದರು. ಅವರ ಮನೆಯಲ್ಲಿ ಯಾರೂ ಸ್ಟಿಕ್ಕರ್ ಇಡುವವರಲ್ಲ. ಏನೋ ವಿಷಯ ಇದೆ ಅಂತ ನನಗೆ ಆಗಲೇ ಗೊತ್ತಾಯಿತು. ಗಿರಾಕಿ ಬೇಡದ ಸಾಮಾನನ್ನು ಹಿಡಿದು ನೋಡುತ್ತಿದ್ದರೆ ಬೇಕಾದ ಸಾಮಾನು ಕೇಳಲು ನಾಚಿಕೆ ಅಂತ ಅರ್ಥ.

"ಬನ್ನಿ ಟೀಚರೇ, ಒಳಗೆ ಕೂತ್ಕೊಂಡು ಟೀ ಕುಡ್ಯೋಣ" ಅಂದೆ.

ಒಳಗೆ ಕೂತ ಮೇಲೆ ಅವರು ಬೋರ್ಡಿನ ಕಡೆ ನೋಡದೆಯೇ ಹೇಳಿದರು. "ಜಯಮ್ಮ, ಬರೋ ತಿಂಗ್ಳು ಮೂರನೇ ಶನಿವಾರ ಬೋರ್ಡು ಕೊಟ್ಟೋರು ಬಂದು ಕ್ಲಾಸು ನೋಡ್ತಾರಂತೆ. ಒಂಬತ್ತನೇ ಕ್ಲಾಸು, ಲೆಕ್ಕ. ನಾನು ಇದ್ರಲ್ಲಿ ಪಾಠ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಕ್ಲಾಸು ಗೆಸ್ಟ್ ಟೀಚರ್ ಕಿರಣ್‌ಗೆ ಹೋಗ್ತದೆ. ನಂಗೆ ಲೈಬ್ರರಿ, ಬಿಸಿಯೂಟ."

"ಹೆಡ್ ಮಾಸ್ಟ್ರು ಅಂಗಂದ್ರಾ?"

"ಅವ್ರು ಒಳ್ಳೆಯವ್ರೇ. 'ಮೇಡಂ, ನಿಮಗೆ ಯಾಕೆ ಈ ವಯಸ್ಸಲ್ಲಿ ತೊಂದರೆ, ಆರಾಮಾಗಿರಿ' ಅಂದ್ರು." ಟೀಚರು ಟೀ ಲೋಟವನ್ನು ತಿರುಗಿಸುತ್ತಾ ಇದ್ದರು. "ಈ ಮಕ್ಳನ್ನ ಎಂಟನೇ ಕ್ಲಾಸಿಂದ ನಾನೇ ಕರ್ಕೊಂಡು ಬಂದಿದೀನಿ. ಇದೇ ನಂದು ಆಖರಿ ಬ್ಯಾಚು. ಅರ್ಧಕ್ಕೆ ಬಿಟ್ಟು ಅನ್ನ ಸಾಂಬಾರ್ ಲೆಕ್ಕ ನೋಡು ಅಂದ್ರೆ ಹೆಂಗಮ್ಮ ಆರಾಮಾಗಿರೋದು?"

"ಶಾಲೇಲಿ ಕಲಿಯೋಕ್ಕಾಗಲ್ವಾ?"

"ಅಲ್ಲಿ ಮುಟ್ಟಿದ್ರೆ ಎಲ್ರೂ ಬಂದು ನಿಂತ್ಕೊಂಡು ನೋಡ್ತಾರೆ. ಕಿರಣ್ ಒಳ್ಳೇ ಹುಡ್ಗ, ಆದ್ರೆ ನಾನು ಬೆರಳಿಡೋಕೆ ಮುಂಚೆ ಅವನೇ ಒತ್ತಿಬಿಡ್ತಾನೆ."

ನನಗೆ ಅಪ್ಪನ ಮಾತು ನೆನಪಾಯಿತು. ಎದ್ದು ಒಳಕೋಣೆಯ ಬಾಗಿಲು ಮುಂದಕ್ಕೆಳೆದೆ. ಮೊಳೆಯಿಂದ ಟವೆಲ್ ತೆಗೆದು ತೊಡೆಯ ಮೇಲೆ ಹಾಕಿಕೊಂಡು ಸಂತೆಯ ಕಥೆಯನ್ನೆಲ್ಲಾ ಹೇಳಿದೆ. "ಟೀಚರೇ, ಈ ಕೋಣೆ ಅನ್ನೋದು ಟವೆಲ್ ಅಂತ ತಿಳ್ಕಳಿ. ನೀವೂ ನಾನೂ ಕೆಳಗಿದೀವಿ. ನಾಕ್ ಭಾನುವಾರ ಬನ್ನಿ. ಹೊರಗಿನೋರಿಗೆ ಟವೆಲ್ ಅಲ್ಲಾಡೋದಷ್ಟೇ ಕಾಣ್ಲಿ."

ಅವರು ಮೊದಲ ಸಲ ನಕ್ಕರು. ಟವೆಲ್ ಎತ್ತಿ ತಮ್ಮ ಕೈಯ ಮೇಲೆ ಹಾಕಿಕೊಂಡು, "ಎಲ್ಲಿ, ಮೂರು ಅಂದ್ರೆ ಹೆಂಗೆ ಹಿಡೀತಾರೆ?" ಅಂತ ಕೇಳಿದರು. ಅದನ್ನು ಕಲಿಯಲು ಅವರಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ನಾನು ಬೋರ್ಡಿನ ಕೆಲಸವನ್ನೂ ಐದು ಬೆರಳಿಗೇ ಇಳಿಸಿದೆ. ಅದರಲ್ಲಿ ನೂರೆಂಟು ಗುಂಡಿಗಳಿವೆ. ನೂರೂ ಬೇಡ, ಐದು ಸಾಕು. ಪೆನ್ನು, ಅಳಿಸೋದು, ಹೊಸ ಹಾಳೆ, ಗ್ರಾಫ್ ಹಾಳೆ, ಹಿಂದಕ್ಕೆ ಹೋಗೋದು. ಕೆಳಗಿನ ಸಾಲಿನಲ್ಲಿ ಈ ಐದು ಚಿತ್ರಗಳು ಎಲ್ಲಿವೆಯೋ ಅವುಗಳ ಪಕ್ಕಕ್ಕೇ ಗಾಜಿನ ಮೇಲೆ ಒಂದೊಂದು ಸ್ಟಿಕ್ಕರ್ ಅಂಟಿಸಿದೆ. ಹಣೆಗಿಡುವ, ಮರೂನ್ ಬಣ್ಣದ, ತೆಳ್ಳನೆಯ ಸ್ಟಿಕ್ಕರ್.

"ಅರೆ ಜಯಮ್ಮ, ನಮ್ಮನೇಲಿ ಯಾರೂ ಇಡದೇ ಇರೋದನ್ನ ಬೋರ್ಡಿಗೆ ಇಡಿಸ್ತಿದೀಯಲ್ಲೇ!"

"ಮುತ್ತೈದೆ ಬೋರ್ಡು ಟೀಚರೇ, ನೂರ್ಕಾಲ ಬಾಳ್ತದೆ ಬುಡಿ."

ಎರಡನೇ ಭಾನುವಾರದ ಹೊತ್ತಿಗೆ ಐದೂ ಜಾಗ ಅವರ ಬೆರಳಿಗೆ ರೂಢಿಯಾಗಿತ್ತು. ಆದರೆ ಅವರು ನನ್ನ ಬೇರೆ ಗಿರಾಕಿಗಳಂತಲ್ಲ. ಹೇಗೆ ಒತ್ತಬೇಕು ಅನ್ನುವುದಕ್ಕಿಂತ ಒತ್ತಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನುವುದೇ ಅವರ ಚಿಂತೆ. "ಬೆರಳು ಎಲ್ಲೈತೆ ಅಂತ ಇದಕ್ಕೆ ಹೆಂಗೆ ತಿಳೀತದೆ?" ಅಂದರು.

"ಟಚ್ಚು ಟೀಚರೇ. ಫೋನ್ ಇದ್ದಂಗೆ" ಅಂದೆ. ನಲವತ್ತು ಬೋರ್ಡು ಮಾರಿದ್ದರೂ ನನಗೆ ಗೊತ್ತಿದ್ದದ್ದು ಅಷ್ಟೇ.

ಅವರು ತಮ್ಮ ಫೋನ್ ತೆಗೆದು ಪೆನ್ಸಿಲಿನ ಹಿಂಬದಿಯಿಂದ ಮುಟ್ಟಿದರು. ಪರದೆ ಅಲ್ಲಾಡಲಿಲ್ಲ. ಅದೇ ಪೆನ್ಸಿಲನ್ನು ಬೋರ್ಡಿಗೆ ಮುಟ್ಟಿಸಿದರು, ಗೆರೆ ಬಿತ್ತು. ಸೆರಗಿನ ತುದಿ ಗಂಟು ಹಾಕಿ ಮುಟ್ಟಿಸಿದರು, ಅದಕ್ಕೂ ಬಿತ್ತು. ಗಾಜಿಗೆ ತಾಗುವುದಕ್ಕೆ ಕೂದಲೆಳೆಯಷ್ಟು ಮೊದಲೇ ಬೀಳುತ್ತಿತ್ತು. "ಫೋನ್ ಇದ್ದಂಗೆ ಇಲ್ಲ ಕಣಮ್ಮ ಇದು" ಅಂದರು. ಹೋಗುವಾಗ ಬೋರ್ಡಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ಕೇಳಿದರು. ಅದನ್ನು ನಾನು ಕಿಟಕಿ ಗಾಳಿಗೆ ಬಡಿಯದಂತೆ ಸಂದಿಗೆ ಸಿಕ್ಕಿಸಿದ್ದೆ. ಧೂಳು ಕೊಡವಿ ಕೊಟ್ಟೆ. ಮೂರನೇ ಭಾನುವಾರ ಅದನ್ನು ಹಿಂದಕ್ಕೆ ಕೊಟ್ಟರು, ಹಾಳೆಹಾಳೆಗೂ ಪೆನ್ಸಿಲ್ ಗುರುತು ಬಿದ್ದಿತ್ತು. ನಾನು ಮತ್ತೆ ಕಿಟಕಿಗೆ ಸಿಕ್ಕಿಸಿದೆ.

ನಾಲ್ಕು ಭಾನುವಾರ ಮುಗಿದು ಆ ಶನಿವಾರ ಬಂತು. ಇಲ್ಲಿಂದ ಮುಂದಿನದೆಲ್ಲ ನನ್ನ ಅತಿಬುದ್ಧಿಯ ಕಥೆ.

ಬೆಳಿಗ್ಗೆ ಒಂದು ಗಂಟೆ ಮೊದಲೇ ಶಾಲೆಗೆ ಹೋದೆ, ತಂತಿ ಪ್ಲಗ್ಗು ಎಲ್ಲ ಸರಿಯಿದೆಯಾ ನೋಡೋಣ ಅಂತ. ಟೀಚರು ಹಿಂದಿನ ದಿನ ಸಂಜೆಯೇ ಎಲ್ಲರೂ ಹೋದ ಮೇಲೆ ಅಲ್ಲಿಯ ಬೋರ್ಡಿಗೆ ಮರೂನ್ ಸ್ಟಿಕ್ಕರುಗಳನ್ನು ಅಂಟಿಸಿಟ್ಟು ಹೋಗಿದ್ದರು. ಪ್ರಾರ್ಥನೆ ನಡೆಯುತ್ತಿತ್ತು, ಕೋಣೆಯಲ್ಲಿ ನಾನೊಬ್ಬಳೇ. ಕಿಟಕಿಯ ಬೆಳಕಿನಲ್ಲಿ ಆ ಮರೂನ್ ಚುಕ್ಕೆಗಳು ಮಂಕಾಗಿ ಕಂಡವು. ಟೀಚರಿಗೆ ಒಂದು ಕಣ್ಣಲ್ಲಿ ಪೊರೆ ಬರುತ್ತಿದೆ, ಪಾಪ. ದೊಡ್ಡ ದಿನ ಬೇರೆ. ನನ್ನ ಚೀಲದಲ್ಲಿ ಹೊಸದಾಗಿ ಬಂದ ಕಲ್ಲಿನ ಸ್ಟಿಕ್ಕರಿನ ಶೀಟಿತ್ತು, ಮದುವೆಗೆ ಇಡುವಂಥದ್ದು, ಹೊಳೆಯುವ ಬಿಳಿಕಲ್ಲು, ಅವರೆಕಾಳಿನಷ್ಟು ದಪ್ಪ. ಬೋರ್ಡು ಇನ್ನೂ ಆನ್ ಆಗಿರಲಿಲ್ಲ. ಮರೂನ್ ಕಿತ್ತೆ, ಕಲ್ಲಿನದು ಅಂಟಿಸಿದೆ. ಐದೂ ದೀಪದ ಹಾಗೆ ಹೊಳೆದವು. ನನ್ನ ಕಡೆಯಿಂದ ಉಡುಗೊರೆ ಅಂತ ಮನಸ್ಸಿನಲ್ಲೇ ಬೀಗಿದೆ.

ಹತ್ತೂವರೆಗೆ ಎಲ್ಲರೂ ಬಂದು ಕೂತರು. ಬೋರ್ಡು ಕೊಟ್ಟವರ ಪೈಕಿ ಮುಖ್ಯನಾದ ತಿಪ್ಪೇಸ್ವಾಮಿ ಶಿರಾದಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು ಇಟ್ಟವನು. ಇದೇ ಶಾಲೆಯಲ್ಲಿ ನಸೀಮಾ ಟೀಚರ ಕೈಯಲ್ಲೇ ಓದಿದವನು. ಮೊದಲ ಬೆಂಚಿನಲ್ಲಿ ಮಕ್ಕಳ ನಡುವೆ ಸಿಕ್ಕಿಕೊಂಡು ಕೂತಿದ್ದ. ಹೆಡ್ ಮಾಸ್ಟರು ರುದ್ರಪ್ಪನವರು ಬಾಗಿಲ ಹತ್ತಿರ ಕುರ್ಚಿಯಲ್ಲಿ, ಗೆಸ್ಟ್ ಟೀಚರ್ ಕಿರಣ್ ಅವರ ಪಕ್ಕದಲ್ಲಿ. ನಾನು ಗೋಡೆಗೊರಗಿ, ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದೆ.

ಟೀಚರು ಬಂದರು. ಕಲ್ಲುಗಳನ್ನು ನೋಡಿ ಒಂದು ಕ್ಷಣ ನಿಂತರು, ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಹೂಂ ಅಂದೆ. "ಇವತ್ತು ಬಿಂದುವಿನ ಸ್ಥಾನ ಗುರುತಿಸೋದು" ಅಂತ ಹೇಳಿ, ಬೋರ್ಡು ಆನ್ ಮಾಡಿ ಗ್ರಾಫ್ ಹಾಳೆಗೆ ಬೆರಳಿಟ್ಟರು.

ಗ್ರಾಫ್ ಬಂತು. ಬಂದದ್ದೇ ಮಾಯವಾಯಿತು. ಯಾರೂ ಮುಟ್ಟದೆ ಹೊಸ ಹಾಳೆ ತೆರೆಯಿತು, ಮುಚ್ಚಿತು. ಮೂಲೆಯಿಂದ ಒಂದು ಗೆರೆ ತಾನಾಗಿ ಹೊರಟು ಟೀಚರ ಬೆರಳಿನ ತನಕ ಓಡಿಬಂತು. ಅವರು ಬೆರಳು ತೆಗೆದರು. ಅದು ನಿಲ್ಲಲಿಲ್ಲ, ಹಾಳೆ ತುಂಬ ಕುಣಿಯಿತು. ಹಿಂದಿನ ಬೆಂಚಿನಲ್ಲಿ ಯಾರೋ, "ಮೈ ಮೇಲೆ ಬಂದೈತೆ ಕಣ್ಲಾ" ಅಂದ. ನಗು ಎದ್ದಿತು.

"ಕರೆಂಟು ಸರಿಯಿಲ್ಲ, ವೋಲ್ಟೇಜು" ಅಂದೆ ನಾನು. ನಮ್ಮ ವ್ಯಾಪಾರದಲ್ಲಿ ಏನೇ ಕೆಟ್ಟರೂ ಮೊದಲು ಬರುವ ಮಾತು ಇದು.

ಕಿರಣ್ ಅರ್ಧ ಎದ್ದು, "ಮೇಡಂ, ನಾನು ನೋಡ್ಲಾ?" ಅಂದ. ರುದ್ರಪ್ಪನವರು ನೆಲ ನೋಡುತ್ತಿದ್ದರು. ತಿಪ್ಪೇಸ್ವಾಮಿ ಮೊಬೈಲ್ ತೆಗೆದ. ಟೀಚರ ಬೆನ್ನ ಹಿಂದೆ ಈಗ ನಲವತ್ತು ಜೊತೆ ಕಣ್ಣು. ಆ ಜಾಗ ನನಗೆ ಚೆನ್ನಾಗಿ ಗೊತ್ತು. ಅಲ್ಲಿ ನಿಂತು ನಾನು ಮೂರು ಸಲ ಎಸ್ಸೆಸ್ಸೆಲ್ಸಿ ಕಳೆದುಕೊಂಡಿದ್ದೇನೆ.

ಟೀಚರು, "ಕೂತ್ಕೋ ಕಿರಣ್" ಅಂದರು. ದನಿ ಎತ್ತಲಿಲ್ಲ. ಬೋರ್ಡಿನ ಎಡಪಕ್ಕಕ್ಕೆ ಹೋಗಿ, ಗಾರೆಯವನು ಗೋಡೆ ನೇರ ಇದೆಯಾ ಅಂತ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಗಾಜಿನ ಉದ್ದಕ್ಕೂ ನೋಡಿದರು. ಮತ್ತೆ ಬಗ್ಗಿ ಕೆಳಗಿನಿಂದ ಮೇಲಕ್ಕೆ ನೋಡಿದರು. ಆಮೇಲೆ ಉಗುರಿನಿಂದ ಒಂದು ಕಲ್ಲು ಕಿತ್ತರು. ಒಂದು ಗೆರೆ ನಿಂತಿತು. ಇನ್ನೊಂದು ಕಿತ್ತರು. ಹಾಳೆ ತೆರೆಯುವುದು ಮುಚ್ಚುವುದು ನಿಂತಿತು. ಐದನ್ನೂ ಕಿತ್ತು ಎಡಗೈಯ ಐದು ಉಗುರಿಗೆ ಅಂಟಿಸಿಕೊಂಡರು. ಬೋರ್ಡು ಹಸುವಿನ ಹಾಗೆ ತಣ್ಣಗೆ ನಿಂತಿತು.

ಆಗಲೇ ನನಗೆ ಹೊಳೆದದ್ದು, ಇದು ವೋಲ್ಟೇಜಲ್ಲ, ಜಯಮ್ಮ ಅಂತ.

"ಮಕ್ಳೇ, ಈ ಬೋರ್ಡು ಯಾಕೆ ಕುಣೀತು ಗೊತ್ತಾ?" ಅಂದರು ಟೀಚರು. "ಇದಕ್ಕೆ ಕಣ್ಣಿಲ್ಲ, ಚರ್ಮ ಇಲ್ಲ. ಈ ಚೌಕಟ್ಟಿನ ಈ ಕಡೆಯಿಂದ ಆ ಕಡೆಗೆ ಬೆಳಕು ಹೋಗ್ತಾ ಇರ್ತದೆ, ನಮ್ಮ ಕಣ್ಣಿಗೆ ಕಾಣಲ್ಲ. ಕೆಳಗಿಂದ ಮೇಲಕ್ಕೂ ಹೋಗ್ತಾ ಇರ್ತದೆ. ಮಗ್ಗದಲ್ಲಿ ಹಾಸು ಹೊಕ್ಕು ನೂಲು ಇರ್ತಾವಲ್ಲ, ಅಂಗೆ. ನಡುವೆ ಏನಾದ್ರೂ ಬಂದ್ರೆ ಅಡ್ಡದ ಒಂದು ನೂಲು ಕತ್ತರಿಸ್ತದೆ, ಉದ್ದದ ಒಂದು ನೂಲು ಕತ್ತರಿಸ್ತದೆ. ಎರಡೂ ಎಲ್ಲಿ ಸೇರ್ತಾವೋ ಅಲ್ಲಿ ಬೆರಳೈತೆ ಅಂತ ಬೋರ್ಡು ತಿಳ್ಕೊಳ್ತದೆ. ಈ ಕಲ್ಲು ದಪ್ಪ. ಐದು ಬೆರಳು ಒಟ್ಟಿಗೆ ಇಟ್ಕೊಂಡಿದಾರೆ ಅಂದ್ಕೊಂತು, ಪಾಪ."

ಗ್ರಾಫ್ ಹಾಳೆ ತೆರೆದರು. ಪೆನ್ನು ಮುಟ್ಟಿದರು. ಹೆಬ್ಬೆರಳಿನ ಕಲ್ಲು ತೆಗೆದು ಹಾಳೆಯ ಮೇಲೆ ಒಂದು ಕಡೆ ಒತ್ತಿ ತೆಗೆದರು, ಅಲ್ಲೊಂದು ಚುಕ್ಕೆ ಉಳಿಯಿತು. "ಯಾವ ಎರಡು ನೂಲು ಕತ್ತರಿಸ್ತು? ಎಡದಿಂದ ಬಲಕ್ಕೆ ಎಷ್ಟು, ಕೆಳಗಿಂದ ಮೇಲಕ್ಕೆ ಎಷ್ಟು?"

"ನಾಲ್ಕು, ಮೂರು!" ಅಂತ ಹುಡುಗಿಯೊಬ್ಬಳು ಕೂಗಿದಳು.

"ಎಕ್ಸ್ ನಾಲ್ಕು, ವೈ ಮೂರು. ಬಾ ಇಲ್ಲಿ, ನೀನೊಂದು ಇಡು."

ಆಮೇಲೆ ನಡೆದದ್ದು ಪಾಠವೋ ಸಂತೆಯೋ ಹೇಳಲಾರೆ. ಐದು ಕಲ್ಲುಗಳು ಕೈಯಿಂದ ಕೈಗೆ ಓಡಾಡಿದವು. ಒಬ್ಬರು ಇಡುವುದು, ಉಳಿದವರು ಕೂಗುವುದು. ಟೀಚರು ಮಿಲ್ಲಿನ ತಿಪ್ಪೇಸ್ವಾಮಿಯನ್ನೂ ಬಿಡಲಿಲ್ಲ. "ಲೋ ತಿಪ್ಪೇಸ್ವಾಮಿ, ಫೋನ್ ಒಳಗಿಡು. ಈ ಬಿಂದು ಎಲ್ಲೈತೆ?" ಅವನು ಎದ್ದುನಿಂತು, "ಐದು, ಎರಡು, ಮಿಸ್" ಅಂದ. "ಉಲ್ಟಾ. ಮೊದ್ಲು ಅಡ್ಡದ್ದು ಹೇಳ್ಬೇಕು. ಅವತ್ತೂ ಇದನ್ನೇ ತಪ್ಪು ಮಾಡ್ತಿದ್ದೆ." ಮಕ್ಕಳೆಲ್ಲ ಹೋ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ.

ಹೆಡ್ ಮಾಸ್ಟರ ಕೋಣೆಯಲ್ಲಿ ಎಲ್ಲರಿಗೂ ಟೀ ಬಂತು. ಮೊದಲು ಮಾತಾಡಿದವನು ಕಿರಣ್. "ಸರ್, ನಾನು ಆರು ತಿಂಗ್ಳಿಂದ ಈ ಬೋರ್ಡಲ್ಲಿ ವಿಡಿಯೋ ತೋರಿಸ್ತಿದೀನಿ. ಅದು ಹೆಂಗೆ ಕೆಲಸ ಮಾಡ್ತದೆ ಅಂತ ಇವತ್ತೇ ಗೊತ್ತಾಗಿದ್ದು. ಒಂಬತ್ತನೇ ಕ್ಲಾಸು ಮೇಡಂ ಹತ್ರನೇ ಇರ್ಲಿ. ನಾನು ಹಿಂದಿನ ಬೆಂಚಲ್ಲಿ ಕೂತ್ಕೋತೀನಿ." ರುದ್ರಪ್ಪನವರು ನಸೀಮಾ ಟೀಚರ ಮುಖ ನೋಡಿ, "ತಪ್ಪಾಯ್ತು ಮೇಡಂ, ಆರಾಮಾಗಿರಿ ಅಂದದ್ದು" ಅಂದರು. ಅಷ್ಟೇ. ಲೈಬ್ರರಿಯ ಮಾತು ಅಲ್ಲಿಗೆ ಮುಗಿಯಿತು.

ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿ, "ಜಯಮ್ಮೋರೇ, ಎಂಟಕ್ಕೂ ಹತ್ತಕ್ಕೂ ಒಂದೊಂದು ಬೋರ್ಡು ಹಾಕಿಸೋಣ ಅಂತಿದೀವಿ. ಟೀಚರು ಹೂಂ ಅಂದ್ರೆ ಆಯ್ತು" ಅಂದ.

ನಾನು ಟೀಚರ ಕಡೆ ನೋಡಿದೆ. ಅವರು ಟೀ ಲೋಟ ಕೆಳಗಿಟ್ಟರು. ಕೈ ಚಾಚಿ ನನ್ನ ಹೆಗಲಿನಿಂದ ಟವೆಲ್ ಎಳೆದುಕೊಂಡರು, ಬೆಂಚಿನ ಮೇಲೆ ನಮ್ಮಿಬ್ಬರ ನಡುವೆ ಹರವಿದರು, ಅದರ ಕೆಳಗೆ ನನ್ನ ಕೈ ಹಿಡಿದರು.

"ಬಿಸಿಲು ಜಾಸ್ತಿ ಆಯ್ತಲ್ವಾ ಈ ಸಲ" ಅಂದರು ಮೇಲೆ.

ಕೆಳಗೆ ನಾಲ್ಕು ಬೆರಳು ಹಿಡಿದಿದ್ದರು. ನಾನು ಅವರಿಗೆ ಕೊಟ್ಟದ್ದು ನಾಲ್ಕು ಭಾನುವಾರ, ಅರ್ಥವಾಯಿತು. ನಾಲ್ಕು ಶನಿವಾರ ಬಂದು ಉಳಿದ ಟೀಚರುಗಳಿಗೆ ಕಲಿಸಬೇಕು, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಬಾಗಿಲು ಮುಂದಕ್ಕೆಳೆದು. ಪುಕ್ಕಟೆ.

"ಹೂಂ ಟೀಚರೇ, ಬಂಡೆ ಕಾದ್ಬುಟ್ಟೈತೆ" ಅಂದೆ. ಕೆಳಗೆ ಅವರ ಎರಡು ಬೆರಳು ಹಿಡಿದೆ.

ಅವರು ಮತ್ತೆ ನಾಲ್ಕೇ ಹಿಡಿದರು. ಬಿಗಿಯಾಗಿ. ಬಳಪದ ಪುಡಿಯಲ್ಲಿ ಒಣಗಿದ ಆ ಕೈ ನಮ್ಮಪ್ಪನ ಕೈಯಷ್ಟೇ ಒರಟಾಗಿತ್ತು. ನಾನು ಮೂರು ಹಿಡಿದೆ. ಅವರು ಐದೂ ಸೇರಿಸಿ ಹಿಡಿದರು!

ಇಂಥ ವ್ಯಾಪಾರ ನಾನು ನೋಡೇ ಇರಲಿಲ್ಲ. ಕೊಸರಾಡಿದರೆ ಮೇಲಕ್ಕೇ ಹೋಗುವ ವ್ಯಾಪಾರ. ಬಗ್ಗಿ ಅವರ ಕಿವಿಯಲ್ಲಿ, "ನಾಕು ಶನಿವಾರ ಸರಿ, ಐದನೇದು ಯಾಕೆ?" ಅಂದೆ.

"ಐದನೇದು ನಿಂಗೆ. ಒಂಬತ್ತನೇ ಕ್ಲಾಸಲ್ಲಿ ಬಂದು ಕೂತ್ಕೋ. ನಲವತ್ತು ಬೋರ್ಡು ಮಾರಿದೀಯ, ಬೆಳಕು ಎಲ್ಲಿಂದ ಬರ್ತದೆ ಗೊತ್ತಿಲ್ಲ. ಆ ಕಲ್ಲು ಅಂಟಿಸಿದ್ದು ಯಾರು ಅಂತ ಇವರಿಗೆಲ್ಲ ಹೇಳ್ಲಾ?"

ನಾನು ಐದೂ ಬೆರಳು ಹಿಡಿದೆ. ಟವೆಲ್ ಅಲ್ಲಾಡಿದ್ದು ಎಲ್ಲರಿಗೂ ಕಂಡಿತು. ಏನು ವ್ಯಾಪಾರವಾಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ.

ನಾಲ್ಕು ಶನಿವಾರ ಹೋದೆ. ಹಿಂದಿ ಮೇಡಂ, ಡ್ರಿಲ್ ಮೇಷ್ಟ್ರು, ವಿಜ್ಞಾನದವರು, ಕೊನೆಗೆ ರುದ್ರಪ್ಪನವರೂ ಬಂದು, "ಸ್ವಲ್ಪ ಬಾಗ್ಲು ಹಾಕ್ಕೊಳ್ಳಿ" ಅಂದರು. ಕಷ್ಟ ಐತೆ ಸಾರ್, ನಂಗೂ ತಿಂಗಳು ಹಿಡೀತು ಅಂದೆ ಎಲ್ಲರಿಗೂ.

ಐದನೇ ಶನಿವಾರ ಒಂಬತ್ತನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ, ಕಿರಣ್ ಪಕ್ಕದಲ್ಲಿ, ಟವೆಲ್ ತೊಡೆಯ ಮೇಲೆ ಹಾಕಿಕೊಂಡು ಕೂತೆ. ಟೀಚರು ಅರ್ಧ ಪಾಠ ನನ್ನ ಕಡೆ ನೋಡಲೇ ಇಲ್ಲ. ನಾನು ನೆಮ್ಮದಿಯಾಗಿದ್ದೆ. ಆಮೇಲೆ ಮೂಲಬಿಂದುವಿನಿಂದ ಕೆಳಗೆ, ಎಡಗಡೆಗೆ, ಎಲ್ಲೋ ಒಂದು ಕಲ್ಲು ಒತ್ತಿ ತೆಗೆದು, "ಜಯಮ್ಮ, ಎದ್ದು ನಿಲ್ಲು. ಇದು ಎಲ್ಲೈತೆ?" ಅಂದರು.

ನಲವತ್ತು ಜೊತೆ ಕಣ್ಣು ತಿರುಗಿದವು. ಬಾಯಿ ಕಟ್ಟಿತು. ಎದ್ದು ನಿಂತೆ, ಟವೆಲ್ ಕೈಗೆ ಸುತ್ತಿಕೊಂಡಿತ್ತು. ಅದರೊಳಗೆ ಬೆರಳು ತಾವಾಗಿ ಎಣಿಸತೊಡಗಿದವು. ಅಡ್ಡಕ್ಕೆ ಎರಡು, ಎಡಗಡೆ. ಉದ್ದಕ್ಕೆ ಮೂರು, ಕೆಳಗೆ.

"ಮೈನಸ್ ಎರಡು" ಅಂದೆ. ಟವೆಲಿನೊಳಗೆ ಇನ್ನೊಂದು ಸಲ ಎಣಿಸಿಕೊಂಡೆ. "ಮೈನಸ್ ಮೂರು."

ಟೀಚರು ಬೋರ್ಡು ನೋಡಿದರು, ನನ್ನನ್ನು ನೋಡಿದರು, ಟವೆಲ್ ನೋಡಿದರು.

"ಸರಿ" ಅಂದರು. "ಕೂತ್ಕೋ."